ಮಗಳೇ, ಆ ಫಾರ್ಮಿನಲ್ಲಿ ಹೆಸರಿನ ಜಾಗ ಸದ್ಯಕ್ಕೆ ಖಾಲಿ ಬಿಡು

ನಿನ್ನೆ ರಾತ್ರಿ ಫೋನಿನಲ್ಲಿ ನನ್ನ ದನಿ ಜೋರಾಯಿತು. ಹಸಿ ಬಾಣಂತಿಗೆ ಹಾಗೆ ಮಾತಾಡಬಾರದಿತ್ತು, ಬೇಜಾರು ಮಾಡ್ಕೊಬೇಡ. ಆದರೆ ಹೇಳಿದ ಮಾತನ್ನು ವಾಪಸ್ ತಗೊಳ್ಳೋಕೆ ಈ ಪತ್ರ ಬರೆಯುತ್ತಿಲ್ಲ. ಫೋನಿನಲ್ಲಾದರೆ ಮಗು ಅಳುತ್ತದೆ, ನೀನು ಇಡುತ್ತೀಯ. ಇದನ್ನು ಹಾಲು ಕುಡಿಸುತ್ತಾ ನಿಧಾನ ಓದು.

ಜನನ ನೋಂದಣಿಯ ಫಾರ್ಮಿಗೆ ಆಸ್ಪತ್ರೆಯವರು ಮಗುವಿನ ಹೆಸರು ಕೇಳಿದ್ದಾರೆ, 'ಚಿನ್ನು' ಅಂತಲೇ ಬರೆಸ್ತೇವೆ ಅಂದೆ ನೀನು. ಹೊಟ್ಟೆಯಲ್ಲಿದ್ದಾಗಿಂದ ನೀವಿಬ್ಬರೂ ಕರೆಯುತ್ತಿರುವುದು ಅದೇ. ನಾವೂ ಅದನ್ನೇ ಕರೆಯುತ್ತಿದ್ದೇವೆ. ನಿನ್ನ ಅಪ್ಪ ಅಂತೂ ಫೋಟೋ ನೋಡಿದಾಗಲೆಲ್ಲ 'ಚಿನ್ನೂ' ಅಂತ ರಾಗ ಎಳೆಯುತ್ತಾರೆ. ಹೆಸರು ಚೆನ್ನಾಗಿಲ್ಲ ಅಂತ ನಾನು ಹೇಳಲೇ ಇಲ್ಲ.

ನಿನ್ನ ದೊಡ್ಡಮ್ಮನ ನೆನಪಾಯಿತು, ಅಷ್ಟೆ. ಅವಳ ಕೊನೆಯ ದಿನಗಳು ನಿನಗೆ ಗೊತ್ತಿರುವುದೇ, ಆ ಮಾತು ಬೇಡ. ನಿನಗೆ ಗೊತ್ತಿಲ್ಲದ್ದು ಅವಳ ಹೆಸರಿನ ಕತೆ. ಅವಳು ಹುಟ್ಟಿದಾಗ ಮನೆಯಲ್ಲಿ ಅವಳೇ ಚಿಕ್ಕವಳು, ಹಾಗಾಗಿ ಅಪ್ಪ 'ಸಣ್ಣಿ' ಅಂದರು. ಶಾಲೆಗೆ ಸೇರಿಸುವಾಗ ಮಾಸ್ತರರು ಕೇಳಿದರೆ ಅಪ್ಪನ ಬಾಯಿಗೆ ಬಂದದ್ದೂ ಸಣ್ಣಿ. ಮಾಸ್ತರರು ಬರೆದುಕೊಂಡರು. ಆಮೇಲೆ ನಾನು ಹುಟ್ಟಿದೆ, ಆದರೂ ಅವಳೇ ಸಣ್ಣಿ. ಸಂಜೆ ಗದ್ದೆಯಿಂದ ಬರುವಾಗ ದಣಪೆಯ ಹತ್ತಿರವೇ ಅಪ್ಪ 'ಸಣ್ಣೀ' ಅಂತ ಕೂಗೋರು, ಅವಳು ಬಿಸಿನೀರಿನ ಚೊಂಬು ಹಿಡಿದು ಓಡೋಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಅಪ್ಪ ಹಾಗೆ ಕೂಗಿದ್ದೇ ಇಲ್ಲ.

ಅವಳಿಗೆ ನೌಕರಿ ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಸಣ್ಣಿ, ಸಂಬಳದ ಬಿಲ್ಲಿನಲ್ಲಿ ಸಣ್ಣಿ. ಯಾರೂ ನಗಲಿಲ್ಲ, ನಮ್ಮ ಕಡೆ ಆ ಹೆಸರಿನವರು ಬೇಕಾದಷ್ಟಿದ್ದರು. ನಿವೃತ್ತಿಯಾದ ಮೇಲೆ ಒಂದು ಕಾಗದಕ್ಕಾಗಿ ಕಚೇರಿಯೊಂದಕ್ಕೆ ಇಬ್ಬರೂ ಹೋಗಿದ್ದೆವು. ಬೆಂಚಿನ ಮೇಲೆ ಕೂತಿದ್ದೆವು, ಅವಳ ತೊಡೆಯ ಮೇಲೆ ಫೈಲು, ಫೈಲಿನ ಮೇಲೆ ಮಡಚಿದ ಕೊಡೆ. ನಿನ್ನ ವಯಸ್ಸಿನ ಹುಡುಗನೊಬ್ಬ ಒಳಗಿಂದ ತಲೆ ಎತ್ತದೆ 'ಸಣ್ಣಿ ಯಾರ್ರೀ, ಸಣ್ಣೀ' ಅಂದ. ಅವನದೇನೂ ತಪ್ಪಿಲ್ಲ, ಕಾಗದದಲ್ಲಿ ಇದ್ದದ್ದನ್ನು ಓದಿದ. ಆದರೆ ಅಕ್ಕ ಎದ್ದೇಳಲಿಲ್ಲ. ಮತ್ತೆ ಕೂಗಿದ. ನಾನು ತಟ್ಟಿದ ಮೇಲೆ ಎದ್ದಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಅವರ್ಸಾ ದಾಟಿದ ಮೇಲೆ ಅಂದಳು, 'ಅಪ್ಪ ಎಳೆದ ಹಾಗೇ ಎಳೆದ ನೋಡು ಅವನು.'

ಅಂದಿನಿಂದ ಮನೆಯಲ್ಲಿ ಯಾರಾದರೂ ಸಣ್ಣಿ ಅಂದರೆ ಓಗೊಡುವುದನ್ನೇ ಬಿಟ್ಟಳು. ನಾವೂ ಬಿಟ್ಟೆವು. ಅಕ್ಕ, ಅತ್ತೆ, ದೊಡ್ಡಮ್ಮ ಅಂತ ಕರೆದುಕೊಂಡಿದ್ದೆವು. ಅಪ್ಪ ಅಷ್ಟು ಪ್ರೀತಿಯಿಂದ ಕೊಟ್ಟ ಹೆಸರು ಬ್ಯಾಂಕಿನವರ ಬಾಯಲ್ಲಿ, ಔಷಧಿ ಅಂಗಡಿಯವನ ಚೀಟಿಯಲ್ಲಿ ಮಾತ್ರ ಉಳಿಯಿತು. ನನಗೆ ಸಂಕಟ ಆಗುವುದು ಇದಕ್ಕೇ ಮಗಳೇ. ಇಷ್ಟು ವರ್ಷ ಹಾಜರಿ ಕೂಗಿದವಳು ನಾನು. ಎಂಥ ಹೆಸರಿಗೂ ಮಕ್ಕಳು ಎರಡು ದಿನ ನಗುತ್ತಾರೆ, ಮೂರನೇ ದಿನ ಮರೆಯುತ್ತಾರೆ. ಆ ಹೆದರಿಕೆ ನನಗಿಲ್ಲ. ಚಿನ್ನು ಅನ್ನುವುದನ್ನು ಎಲ್ಲರಿಗೂ ಕೊಟ್ಟುಬಿಟ್ಟರೆ, ಅವಳು ಜ್ವರ ಬಂದು ಮಲಗಿದಾಗ ನೀನು ಏನಂತ ಕರೆಯುತ್ತೀಯ? ಅವತ್ತು ಕರೆಯೋಕೆ ನಿನ್ನದು ಅಂತ ಒಂದು ಬೇಡವಾ?

ನೀನು ಕುವೆಂಪು ಹೆಸರು ಎತ್ತಿದೆ. ಹೌದು, ಅವರು ಪುಟ್ಟಪ್ಪ. ಕೆ.ವಿ. ಪುಟ್ಟಪ್ಪ ಅನ್ನುವ ಹೆಸರಿನಲ್ಲೇ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಡಿ.ವಿ. ಗುಂಡಪ್ಪನವರೂ ಇದ್ದಾರೆ. ನಮ್ಮ ಅಂಕೋಲೆಯ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಜ್ಜಿ, ಸುಕ್ರಿ ಅನ್ನುವ ಹೆಸರಿನಲ್ಲೇ 2017ರ ಪದ್ಮಶ್ರೀ ಪಡೆದರು. ಸಣ್ಣ ಹೆಸರಿಗೆ ದೊಡ್ಡ ಮಾನ ಸಿಗುತ್ತದೆ, ಒಪ್ಪಿದೆ. ನೀನು ವಾದ ಹೂಡುವ ರೀತಿ ಕೇಳಿ, ಸಿಟ್ಟಿನ ನಡುವೆಯೂ, ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ ನನ್ನ ಮಗಳು ಅನ್ನಿಸಿತು. ಆದರೆ ಸುಕ್ರಜ್ಜಿಯ ಕೇರಿಯಲ್ಲಿ ಹೆಸರುಗಳೆಲ್ಲ ಹಾಗೆಯೇ ಇದ್ದವು. ಬೆಂಗಳೂರಿನ ನಿನ್ನ ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆಯ ಚಿನ್ನುಗಳಿಗೂ ಬೇರೆ ಹೆಸರೊಂದು ಇರುತ್ತದೆ, ಇವಳಿಗೊಬ್ಬಳಿಗೆ ಇರುವುದಿಲ್ಲ.

ಎರಡು ಹೆಸರಿದ್ದರೆ ದಾಖಲೆಯಲ್ಲಿ ಗೊಂದಲ ಅಂದೆ ನೀನು. ಗೊಂದಲ ಆಗುವುದು ಎರಡೂ ಕಾಗದಕ್ಕೆ ಇಳಿದಾಗ. ಪಹಣಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಹಾಗೆ. ಮನೆ ಹೆಸರು ಮನೆಯಲ್ಲೇ ಇದ್ದರೆ ಯಾವ ಗುಮಾಸ್ತನೂ ಕೇಳುವುದಿಲ್ಲ. ಅವಳು ದೊಡ್ಡವಳಾಗಿ ಬೇಕಾದರೆ ಬದಲಾಯಿಸಿಕೊಳ್ಳಲಿ ಅಂತಲೂ ಅಂದೆ. ಅದೇನು ಸುಲಭವಾ? ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಗೆಜೆಟ್ಟು, ಆಮೇಲೆ ಒಂದೊಂದೇ ಕಾರ್ಡಿನ ಹಿಂದೆ ಓಡಾಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಂತೂ ಶಾಲೆಗೆ, ಪಾಸ್‌ಪೋರ್ಟಿಗೆ, ಮತದಾರರ ಪಟ್ಟಿಗೆ, ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಬರೆದದ್ದೇ ಮುಂದೆ ಎಲ್ಲ ಕಡೆ ನಡೆಯುತ್ತದೆ. ಮೇಷ್ಟ್ರಮ್ಮನ ಪಾಠ ಶುರುವಾಯಿತು ಅಂತ ಗಂಡನಿಗೆ ತೋರಿಸುತ್ತಿರಬಹುದು ನೀನು. ತೋರಿಸು, ಅವರೂ ಓದಲಿ.

ಈಗ ಮುಖ್ಯವಾದದ್ದು. 21 ದಿನದೊಳಗೆ ಆಗಬೇಕಾದ್ದು ಜನನದ ನೋಂದಣಿ. ಅದಕ್ಕೆ ಹೆಸರು ಬೇಕೇ ಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಆಮೇಲೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು, ಆದರೆ ಅಷ್ಟು ತಡ ಮಾಡಬೇಡ. ಆಸ್ಪತ್ರೆಯವರು ಅವಸರ ಮಾಡಿದರೆ ಇಷ್ಟನ್ನೇ ಹೇಳು.

ಮಗು ನಿನ್ನದು, ಹೆಸರಿಡುವವಳೂ ನೀನೇ. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಏನು ಹೇಳುತ್ತೀಯೋ ಅದನ್ನೇ ನಾವೂ ಹೇಳುತ್ತೇವೆ. ನನ್ನ ಆಸೆಯ ಹೆಸರು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಅದಕ್ಕೋಸ್ಕರ ಇಷ್ಟೆಲ್ಲ ಅಂದುಕೊಳ್ಳುತ್ತೀಯ. ಅವಳು ದೊಡ್ಡವಳಾಗಿ ಯಾವುದೋ ಕೌಂಟರಿನ ಮುಂದೆ ನಿಂತಾಗ ಕೂಗಿಸಿಕೊಳ್ಳೋಕೆ ಒಂದು ಹೆಸರಿರಲಿ. ಅದು ಎಷ್ಟು ಚಿಕ್ಕದಾದರೂ ಸರಿ, ಎರಡೇ ಅಕ್ಷರದ್ದಾದರೂ ಸರಿ. ಚಿನ್ನು ನಮಗಿರಲಿ.

ರಾತ್ರಿ ಅವಳು ಮಲಗಿದಾಗ ನೀನೂ ಮಲಗು, ಆಫೀಸಿನ ಮೇಲ್ ನೋಡ್ತಾ ಕೂರಬೇಡ. ಪಂಚಗಂಗಾ ರೈಲಿಗೆ ನಮ್ಮಿಬ್ಬರ ಟಿಕೆಟ್ ಆಗಿದೆ, ಶನಿವಾರ ಹೊರಡುತ್ತೇವೆ. ಬಾಣಂತಿ ಲೇಹ್ಯ, ಕೊಬ್ಬರಿ ಎಣ್ಣೆ ತರುತ್ತಿದ್ದೇನೆ. ಹಳೇ ಹತ್ತಿ ಸೀರೆ ಒಗೆದು ಮಡಚಿ ಇಟ್ಟಿದ್ದೇನೆ, ಇನ್ನೇನು ಬೇಕು ಅಂತ ಶುಕ್ರವಾರದೊಳಗೆ ಹೇಳು.

ನಿನ್ನ ಅಮ್ಮ