ಹಳೆ ಪಿಎಸ್‌ಪಿಯಲ್ಲಿ ಹಾಡು: ಗುಜರಿಗೆ ಹಾಕುವ ಮುನ್ನ ಪಿನ್ ನೋಡಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ದಾಟಿ ಬಸ್ಸು ಆಗುಂಬೆ ಕಡೆ ಹೊರಟರೆ, ಇಲ್ಲವೇ ಹೊಸನಗರದಿಂದ ಹುಲಿಕಲ್ ಘಾಟಿಯತ್ತ ತಿರುಗಿದರೆ, ಮೊಬೈಲಿನ ಆನ್‌ಲೈನ್ ಹಾಡು ಅಲ್ಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮಕ್ಕಳು ಆಡಿ ಬಿಟ್ಟು ಬೀರು ಸೇರಿದ ಪಿಎಸ್‌ಪಿ (ಸೋನಿಯ ಪ್ಲೇಸ್ಟೇಷನ್ ಪೋರ್ಟಬಲ್), ನಿಂಟೆಂಡೊ ಮುಂತಾದ ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್‌ಗಳಿಗೆ ಹಾಡು ತುಂಬಿಸಿ ಕೇಳುವ ಯೋಚನೆ ನಿಜಕ್ಕೂ ಒಳ್ಳೆಯದು. ಬೇಸರದ ಸಂಗತಿ ಎಂದರೆ, ಎರಡು ದಿನ ಕೇಳಿ ‘ಸೌಂಡ್ ಸರಿಯಿಲ್ಲ’ ಎಂದು ಅದನ್ನು ಗುಜರಿಗೆ ಹಾಕಿಬಿಡುತ್ತಾರೆ. ಹೆಚ್ಚಿನ ಸಲ ಸೆಟ್ ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಅದಕ್ಕೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ.

ಎಲ್ಲ ಸೆಟ್‌ಗಳೂ ಒಂದೇ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ರೆಕಾರ್ಡಾದ ಧ್ವನಿ ನುಡಿಯುವುದು 8 ಬಿಟ್‌ನಲ್ಲಿ, ನಿಂಟೆಂಡೊ ಡಿಎಸ್‌ನಿಂದ ಹೊರಬರುವುದು 10 ಬಿಟ್. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ. ಅತಿ ಜೋರು ದನಿಗೂ ಹಿನ್ನೆಲೆಯ ಸದ್ದಿಗೂ ನಡುವೆ ಸಿಡಿಯ 16 ಬಿಟ್‌ಗೆ 96 ಡೆಸಿಬೆಲ್ ಅಂತರ ಸಿಕ್ಕರೆ ಡಿಎಸ್‌ಗೆ ಸಿಗುವುದು 60ರ ಆಸುಪಾಸು. ಅಬ್ಬರದ ಸಿನಿಮಾ ಹಾಡಿನಲ್ಲಿ ಇದು ಗೊತ್ತಾಗುವುದಿಲ್ಲ. ತಂಬೂರಿಯ ಶ್ರುತಿಯೊಂದೇ ಉಳಿಯುವ ಆಲಾಪದಲ್ಲಿ, ಹೊಸಹಳ್ಳಿಯವರ ಗಮಕ ವಾಚನದಂಥ ಒಂಟಿ ದನಿಯಲ್ಲಿ, ಹಿಂದಿನ ‘ಸುಯ್’ ಸದ್ದು ಎದ್ದು ಕೇಳುತ್ತದೆ. ಅದಕ್ಕೆ ಮದ್ದಿಲ್ಲ. 2011ರಲ್ಲಿ ಬಂದ ನಿಂಟೆಂಡೊ 3ಡಿಎಸ್ ಎಂಪಿ3 ನುಡಿಸುತ್ತದೆ, ಇಯರ್‌ಫೋನ್ ಸಿಕ್ಕಿಸಿದ್ದರೆ ಮುಚ್ಚಳ ಮುಚ್ಚಿದರೂ ಹಾಡು ನಿಲ್ಲುವುದಿಲ್ಲ. ಅದರ ಒಳಗಿನ ಸ್ಯಾಂಪಲ್ ದರ ಸೆಕೆಂಡಿಗೆ ಸುಮಾರು 32,700. ಈ ದರದ ಅರ್ಧದವರೆಗಿನ ಸ್ವರ ಮಾತ್ರ ಉಳಿಯುತ್ತದೆ, ಅಂದರೆ 16 ಕಿಲೊಹರ್ಟ್ಸ್‌ಗಿಂತ ಮೇಲಿನದು ಹೋಯಿತು. ಆದರೆ ಹಳೆ ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನದಲ್ಲಿ ಆ ಎತ್ತರದಲ್ಲಿ ಇರುವುದು ಹೆಚ್ಚಾಗಿ ಟೇಪಿನ ಸದ್ದೇ, ಆದ್ದರಿಂದ ತಾಳಮದ್ದಳೆ ಕೇಳುವವರಿಗೆ 3ಡಿಎಸ್ ಸಾಕು. ನಿಂಟೆಂಡೊ ಸ್ವಿಚ್ ಎಂಬ ಸೆಟ್‌ನಲ್ಲಿ ಕಾರ್ಡಿಗೆ ಹಾಡು ತುಂಬಿ ಕೇಳುವ ವ್ಯವಸ್ಥೆಯೇ ಇಲ್ಲ. ಜಾತ್ರೆಯಲ್ಲಿ ಸಿಗುವ ‘400 ಆಟ’ದ ಸೆಟ್ಟಿನಲ್ಲಿ ಕಾಣುವ 3.5 ಎಂಎಂ ತೂತು ಟಿವಿಗೆ ಹೋಗುವ ಎವಿ ವೈರಿನದು, ಅದಕ್ಕೆ ಇಯರ್‌ಫೋನ್ ಸಿಕ್ಕಿಸಿದರೆ ಚಿತ್ರದ ಸಿಗ್ನಲ್ಲೇ ಕಿವಿಗೆ ಗುಂಯ್‌ಗುಡುತ್ತದೆ.

ಉಳಿದದ್ದು ಸೋನಿಯ ಪಿಎಸ್‌ಪಿ ಮತ್ತು ವೀಟಾ. ಎರಡೂ ಸಂಗೀತ ಕೇಳಲು ನಿಜವಾಗಿ ಯೋಗ್ಯ. ವೀಟಾದ ಮೆಮೊರಿ ಕಾರ್ಡ್ ಅದಕ್ಕೆಂದೇ ಮಾಡಿದ್ದು, ಹುಡುಕುವುದು ಕಷ್ಟ. ಪಿಎಸ್‌ಪಿ ಗೋ ಬಿಟ್ಟು ಉಳಿದ ಪಿಎಸ್‌ಪಿಗಳಿಗೆ ಮೈಕ್ರೊ ಎಸ್‌ಡಿ ಹಾಕುವ ಅಡಾಪ್ಟರ್ ಸಿಗುತ್ತದೆ. ಆದ್ದರಿಂದ ಮುಂದಿನ ಮಾತೆಲ್ಲ ಪಿಎಸ್‌ಪಿಯನ್ನೇ ಮುಂದಿಟ್ಟುಕೊಂಡು.

‘ವಾದ್ಯ ಕೇಳುತ್ತದೆ, ಗಾಯಕರ ದನಿ ಮಾತ್ರ ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗಿದೆ’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಇಯರ್‌ಫೋನಿನ ಪಿನ್ ಹಿಡಿದು ನೋಡಿ. ಎರಡು ಗೆರೆ ಇದ್ದರೆ ಅದು ಮಾಮೂಲಿ ಸ್ಟೀರಿಯೊ ಪಿನ್. ಮೂರು ಗೆರೆ ಇದ್ದರೆ ಮೈಕ್ ಇರುವ ಮೊಬೈಲ್ ಪಿನ್. ಈಗಿನ ಮೊಬೈಲ್ ಪಿನ್ನಿನಲ್ಲಿ ತುದಿ ಎಡಗಿವಿಗೆ, ಮೊದಲ ಉಂಗುರ ಬಲಗಿವಿಗೆ, ಎರಡನೆಯ ಉಂಗುರ ಗ್ರೌಂಡ್ (ಎರಡೂ ಕಿವಿಯ ಕರೆಂಟು ಮರಳುವ ದಾರಿ), ಬುಡ ಮೈಕಿಗೆ. ಮಾಮೂಲಿ ಸ್ಟೀರಿಯೊ ಪಿನ್ನಿಗೆಂದು ಮಾಡಿದ ಜ್ಯಾಕ್ ಸಾಮಾನ್ಯವಾಗಿ ಗ್ರೌಂಡ್ ಹುಡುಕುವುದು ಬುಡದಲ್ಲಿ. ಅಲ್ಲಿ ಅದಕ್ಕೆ ಸಿಗುವುದು ಮೈಕ್. ಗ್ರೌಂಡ್ ಸಿಗದೆ ಎಡ–ಬಲ ಸ್ಪೀಕರ್‌ಗಳು ಒಂದರ ಬೆನ್ನಿಗೆ ಒಂದು ಸೇರಿ, ಎರಡು ಚಾನೆಲ್‌ಗಳ ನಡುವಿನ ವ್ಯತ್ಯಾಸವನ್ನು ಮಾತ್ರ ನುಡಿಸುತ್ತವೆ. ಗಾಯಕರ ದನಿ ಎರಡೂ ಚಾನೆಲ್‌ನಲ್ಲಿ ಸಮನಾಗಿರುವುದರಿಂದ ಅಳಿಸಿಹೋಗುತ್ತದೆ, ಬದಿಗೆ ಸರಿದ ಪಿಟೀಲು, ಕೊಳಲು ಉಳಿಯುತ್ತವೆ. ಮೈಕಿನ ಬಟನ್ ಒತ್ತಿ ಹಿಡಿಯಿರಿ. ದನಿ ತಟ್ಟನೆ ಮರಳಿದರೆ ರೋಗ ಇದೇ. ಪಿನ್ನನ್ನು ಒಂದು ಕೂದಲೆಳೆ ಹೊರಗೆಳೆದರೂ ಸರಿಯಾಗುವುದುಂಟು, ಬಸ್ಸಿನ ಕುಲುಕಾಟದಲ್ಲಿ ಅದು ನಿಲ್ಲುವುದಿಲ್ಲ. ಎರಡು ಗೆರೆಯ ಇಯರ್‌ಫೋನ್ ಕೊಳ್ಳುವುದೇ ಲೇಸು.

ಎರಡನೆಯ ದೂರು ಬೇಸ್ ಇಲ್ಲ ಎಂಬುದು. ಹಲವು ಚಿಕ್ಕ ಸೆಟ್‌ಗಳಲ್ಲಿ ಆಂಪ್ಲಿಫೈಯರಿಗೂ ಜ್ಯಾಕಿಗೂ ನಡುವೆ ಒಂದೊಂದು ಕೆಪಾಸಿಟರ್ ಇರುತ್ತದೆ, ಕೆಳಗಿನ ಸ್ವರವನ್ನು ಸೋಸಿಬಿಡುವ ಬಿಡಿಭಾಗ ಅದು. ಅದು 100 ಮೈಕ್ರೊಫ್ಯಾರಡ್‌ನದಾಗಿದ್ದು ಇಯರ್‌ಫೋನ್ 16 ಓಮ್‌ನದಾದರೆ 100 ಹರ್ಟ್ಸ್‌ನಿಂದಲೇ ಕೆಳಗಿನ ಸ್ವರ ಕುಗ್ಗತೊಡಗುತ್ತದೆ. ಮೃದಂಗದ ಎಡಭಾಗದ ಘುಂಕಾರ ಸೊರಗುವುದು ಹೀಗೆ. 32 ಓಮ್‌ನ ಇಯರ್‌ಫೋನ್ ಹಾಕಿದರೆ ಅದೇ ಮಿತಿ 50 ಹರ್ಟ್ಸ್‌ಗೆ ಇಳಿಯುತ್ತದೆ. ಕೊಳ್ಳುವಾಗ ಡಬ್ಬಿಯ ಹಿಂಬದಿಯಲ್ಲಿ ಈ ಓಮ್ ಅಂಕಿ ನೋಡಬೇಕು, ‘ಎಕ್ಸ್‌ಟ್ರಾ ಬೇಸ್’ ಎಂಬ ದಪ್ಪಕ್ಷರವನ್ನಲ್ಲ.

ಸೋಲ್ಡರಿಂಗ್ ಬಲ್ಲವರು ಇನ್ನೊಂದು ಮಾಡಬಹುದು. ಒಂದು ಸ್ಟೀರಿಯೊ ಪಿನ್, ಒಂದು ಸ್ಟೀರಿಯೊ ಸಾಕೆಟ್, ಗೇಣುದ್ದ ವೈರು, 33 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಎರಡು. ತುದಿಯ ದಾರಿಗೆ ಒಂದು, ಉಂಗುರದ ದಾರಿಗೆ ಒಂದು ರೆಸಿಸ್ಟರ್, ಬುಡದ್ದು ನೇರ. 16 ಓಮ್‌ನ ಇಯರ್‌ಫೋನ್ ಈಗ ಸೆಟ್ಟಿಗೆ 49 ಓಮ್ ಆಗಿ ಕಾಣುತ್ತದೆ, ಬೇಸ್ ಮಿತಿ ಸುಮಾರು 32 ಹರ್ಟ್ಸ್‌ಗೆ ಬರುತ್ತದೆ, ಹಿನ್ನೆಲೆಯ ‘ಸುಯ್’ ಕೂಡ ತಗ್ಗುತ್ತದೆ. ಬೆಲೆಯಾಗಿ ಹತ್ತು ಡೆಸಿಬೆಲ್‌ನಷ್ಟು ದನಿ ತೆರಬೇಕು. ಮನೆಯಲ್ಲಿ ಕೇಳಲು ಇದು ಬಲು ಚೆನ್ನ, ಬಸ್ಸಿನಲ್ಲಿ ಸಾಲುವುದಿಲ್ಲ. ಖರ್ಚು ಉಳಿಸಲು ಎರಡರ ಬದಲು ಒಂದೇ ರೆಸಿಸ್ಟರನ್ನು ಗ್ರೌಂಡ್ ವೈರಿಗೆ ಹಾಕಬಾರದು. ಎಡದ ಧ್ವನಿ ಬಲಕ್ಕೆ ಉಲ್ಟಾ ಆಗಿ ನುಸುಳಿ, ಮೇಲೆ ಹೇಳಿದ ದನಿ ಸೊರಗುವ ರೋಗವೇ ಇನ್ನೊಂದು ದಾರಿಯಲ್ಲಿ ಬರುತ್ತದೆ. ಒಂದೊಂದು ಕಿವಿಗೆ ಎರಡು ಮೂರು ಡ್ರೈವರ್ (ಪುಟ್ಟ ಸ್ಪೀಕರ್) ಇರುವ ದುಬಾರಿ ಇಯರ್‌ಫೋನಿಗೂ ಈ ಉಪಾಯ ಬೇಡ, ಸ್ವರದ ಸಮತೋಲ ಕೆಡುತ್ತದೆ.

ಹಾಡು ತುಂಬಿಸುವುದು ಸುಲಭ. ಕಾರ್ಡನ್ನು ಪಿಎಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡಿ, ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ‘ಮ್ಯೂಸಿಕ್’ ಫೋಲ್ಡರಿನೊಳಗೆ ಹಾಕಿದರಾಯಿತು. ಫೋಲ್ಡರಿನ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ. ಅದರೊಳಗೆ ಒಂದು ಹಂತದ ಫೋಲ್ಡರ್ ಮಾತ್ರ ಕಾಣುತ್ತದೆ. ಕನ್ನಡ ಲಿಪಿಯ ಹೆಸರು ಓದಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಫ್ಲ್ಯಾಕ್ ಮಾದರಿಯ ಹಾಡಿನ ಫೈಲು ನಡೆಯದು. 44.1 ಕಿಲೊಹರ್ಟ್ಸ್, 256 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ 2 ಎಂಬಿಯಷ್ಟಾಗುತ್ತದೆ, ಧಾರಾಳ ಸಾಕು. 128ರಲ್ಲಿ ಸಿಕ್ಕಿದ ಹಾಡನ್ನು 320ಕ್ಕೆ ಏರಿಸಿದರೆ ಜಾಗ ಹಾಳು, ಕಳೆದುಹೋದ ಸ್ವರ ಮರಳುವುದಿಲ್ಲ. ದನಿ ಸಾಲದಿದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಎವಿಎಲ್‌ಎಸ್ (ದನಿಗೆ ಮಿತಿ ಹಾಕುವ ವ್ಯವಸ್ಥೆ) ಆಫ್ ಇದೆಯೇ ನೋಡಿ. ಈಕ್ವಲೈಜರಿನ ‘ಹೆವಿ’ ಹಾಕಿ ವಾಲ್ಯೂಮ್ ತುದಿಗೇರಿಸಿದರೆ ಚಂಡೆಯ ಪೆಟ್ಟು ಒಡೆದು ಕೇಳುತ್ತದೆ. ಸ್ಕ್ರೀನ್ ಬಟನ್ ಒತ್ತಿ ಹಿಡಿದು ಬೆಳಕು ಆರಿಸಿ, ಪವರ್ ಸ್ವಿಚ್ಚನ್ನು ಕೆಳಕ್ಕೆ ಎಳೆದು ಹೋಲ್ಡ್‌ನಲ್ಲಿಡಿ. ಮೇಲಕ್ಕೆ ತಳ್ಳಿದರೆ ಸೆಟ್ ಮಲಗಿ ಹಾಡು ನಿಲ್ಲುತ್ತದೆ.

ಇನ್ನು ನಮ್ಮ ಮಳೆಗಾಲ. ಜೂನ್ ದಾಟಿದ ಮೇಲೆ ಒಂದು ಕಿವಿ ಆಗಾಗ ಸತ್ತು, ಪಿನ್ ತಿರುಗಿಸಿದರೆ ಬರುವುದು ಜ್ಯಾಕಿನ ಲೋಹ ಮಂಕಾಗಿದ್ದರ ಲಕ್ಷಣ. ಸೆಟ್ ಆಫ್ ಮಾಡಿ ಬ್ಯಾಟರಿ ತೆಗೆಯಿರಿ. 99 ಪರ್ಸೆಂಟ್‌ನ ಐಸೊಪ್ರೊಪೈಲ್ ಆಲ್ಕೊಹಾಲನ್ನು ಪಿನ್ನಿಗೆ ಸವರಿ ಹತ್ತು ಹದಿನೈದು ಸಲ ಒಳಗೆ ಹೊರಗೆ ಆಡಿಸಿ, ಅರ್ಧ ಗಂಟೆ ಒಣಗಲು ಬಿಡಿ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಬೇಡ, ಉಳಿಯುವ ಎಣ್ಣೆಗೆ ಧೂಳು ಅಂಟುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ, ಜ್ಯಾಕಿನೊಳಗೆ ಹಿಟ್ಟು ಸೇರುತ್ತದೆ. ಒಲೆಯ ಮೇಲಿನ ಅಟ್ಟ ಅಡಿಕೆಗೆ ಸರಿ, ಲಿಥಿಯಂ ಬ್ಯಾಟರಿಗೆ ಆ ಕಾವು ಆಗದು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್, ಅದು ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಮತ್ತೆ ನೀಲಿಯಾದ ಮೇಲೆ ಹಾಕುವುದು. ಇಷ್ಟು ಸಾಕು.

ಚಾರ್ಜಿಗೆ ಹಾಕಿ ಕೇಳುವಾಗ ಗುಂಯ್ ಎಂದರೆ ವೈರು ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಚಾರ್ಜರಿನದು. ಪಿಎಸ್‌ಪಿಗೆ ಬೇಕಾದ್ದು 5 ವೋಲ್ಟ್, ಪಿನ್ ಹೊಂದಿತೆಂದು ಡಿಶ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದರೆ ಸೆಟ್ ಸುಟ್ಟುಹೋಗಬಹುದು. ಹಿಂದಿನ ಮುಚ್ಚಳ ಎದ್ದು ನಿಂತಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ, ಒತ್ತದೆ, ಚುಚ್ಚದೆ ಹೊರತೆಗೆಯಿರಿ. ಬ್ಯಾಟರಿ ಇಲ್ಲದೆಯೂ ಸರಿಯಾದ ಅಡಾಪ್ಟರಿನಲ್ಲಿ ಪಿಎಸ್‌ಪಿ ನಡೆಯುತ್ತದೆ, ಮನೆಯಲ್ಲಿ ಹಾಡು ಕೇಳಲು ಅಡ್ಡಿಯಿಲ್ಲ.

– ಓದುಗರು, ತೀರ್ಥಹಳ್ಳಿ