ಲೊಕೇಶನ್ ಕಳಿಸುವಾಗ ಅಂಗಳಕ್ಕೆ ಬನ್ನಿ

ಮಾನ್ಯ ಸಂಪಾದಕರೇ,

ಕಾರಿನಲ್ಲಿ ದಾರಿ ತೋರಿಸುವ ಯಂತ್ರ ಬಂದ ಮೇಲೆ ಜನಕ್ಕೆ ತಮ್ಮ ತಾಲ್ಲೂಕಿನ ರಸ್ತೆಯೇ ಗೊತ್ತಿಲ್ಲದಂತಾಗಿದೆ, ನಾಲ್ಕು ಜನರನ್ನು ಕೇಳಿಕೊಂಡು ಹೋಗುವ ಪದ್ಧತಿಯೇ ಹೋಯಿತು ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಬರೆದವರು ಹಗಲು ಹೊತ್ತು ಓಡಾಡುವವರಿರಬೇಕು. ನಾನು ಸಾಗರ ತಾಲ್ಲೂಕಿನವನು. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡುಗೆ ಕಂಟ್ರಾಕ್ಟ್ ಮಾಡುತ್ತೇನೆ. ನಮ್ಮ ಪ್ರಯಾಣ ರಾತ್ರಿ ಎರಡು ಗಂಟೆಗೆ ಶುರುವಾದರೆ ಬೆಳಕು ಹರಿಯುವುದರೊಳಗೆ ಮುಗಿಯಬೇಕು. ಆ ಹೊತ್ತಿನಲ್ಲಿ ಹೊಸನಗರದ ಆಚೆ ಯಾವುದೋ ಕವಲಿನಲ್ಲಿ ಓಮ್ನಿ ನಿಲ್ಲಿಸಿ ಕೇಳೋಣವೆಂದರೆ ಯಾರಿದ್ದಾರೆ? ನಾಯಿ ಬೊಗಳಿ, ಯಜಮಾನರು ಬ್ಯಾಟರಿ ಹಿಡಿದು ಹೊರಗೆ ಬಂದರೂ, ಬಂದವರು ಕಳ್ಳರೋ ಅಡುಗೆಯವರೋ ಎಂದು ತೀರ್ಮಾನಿಸಲು ಅವರಿಗೇ ಸ್ವಲ್ಪ ಸಮಯ ಹಿಡಿಯುತ್ತದೆ.

ಮಲೆನಾಡಿನಲ್ಲಿ ಮನೆ ಹುಡುಕುವ ಪಾಡು ಬಯಲುಸೀಮೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಅಲ್ಲಿ ಊರು ಮುಟ್ಟಿದರೆ ಮನೆ ಮುಟ್ಟಿದ ಹಾಗೇ. ನಮ್ಮಲ್ಲಿ ಅಡಿಕೆ ತೋಟ ಎಲ್ಲಿದೆಯೋ ಮನೆ ಅಲ್ಲಿ. ಒಂದು ಊರಿನ ಹೆಸರಿನಡಿ ಎರಡು ಮೂರು ಗುಡ್ಡ, ನಡುವೆ ಹಳ್ಳ, ಹಳ್ಳದ ಆಚೆ ಒಂದು ಒಂಟಿ ಮನೆ. ಎದುರಿಗೇ ಚಪ್ಪರದ ದೀಪ ಕಾಣುತ್ತಿರುತ್ತದೆ, ಗಾಡಿಯಲ್ಲಿ ಅಲ್ಲಿಗೆ ಹೋಗಲು ಮೂರು ಕಿಲೋಮೀಟರ್ ಸುತ್ತಬೇಕು. ನಡೆದು ಹೋಗುವವರಿಗಾದರೆ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಿದರಾಯಿತು. ಇಡ್ಲಿ ಹಿಟ್ಟಿನ ಕೊಳಗ, ಗ್ರೈಂಡರ್, ಸಿಲಿಂಡರ್ ಹೊತ್ತ ಪಿಕಪ್ ಸಂಕ ದಾಟೀತೇ? ಇಂಥ ಕಡೆ ‘ಕೆಳಗಿನ ಮನೆ’, ‘ಆಚೆ ಮನೆ’ ಎನ್ನುವ ವಿಳಾಸ ಇಟ್ಟುಕೊಂಡು ಕತ್ತಲಲ್ಲಿ ಅಲೆದವರಿಗೆ, ಮನೆ ಬಾಗಿಲಿನ ಬಿಂದುವನ್ನೇ ಪರದೆಯ ಮೇಲೆ ತೋರಿಸುವ ಪೆಟ್ಟಿಗೆಯ ಬೆಲೆ ಗೊತ್ತು.

ಈ ಪೆಟ್ಟಿಗೆ ಇಷ್ಟು ಕರಾರುವಾಕ್ಕಾಗಿದ್ದೂ ಬಹಳ ಹಿಂದಿನ ಮಾತಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರ್‌ವರೆಗೂ ಏರುಪೇರಾಗುತ್ತಿತ್ತಂತೆ. ನಮ್ಮ ಕಡೆ ನೂರು ಮೀಟರ್ ತಪ್ಪಿದರೆ ಹಳ್ಳದ ಆಚೆ ದಡ, ಬೇರೆಯವರ ತೋಟ.

ಆದರೆ ಸಂಪಾದಕರೇ, ನಾನು ಈ ಪೆಟ್ಟಿಗೆಯನ್ನು ದಾರಿಗಾಗಿ ನೋಡುವುದಕ್ಕಿಂತ ಹೆಚ್ಚಾಗಿ ಸಮಯಕ್ಕಾಗಿ ನೋಡುತ್ತೇನೆ. ಸಾಗರದಿಂದ ನಿಟ್ಟೂರಿಗಾಗಲಿ, ಮಾಸ್ತಿಕಟ್ಟೆಗಾಗಲಿ ದಾರಿ ನನಗೆ ಗೊತ್ತು. ಗೊತ್ತಿಲ್ಲದ್ದು ಮುಟ್ಟುವುದು ಎಷ್ಟು ಗಂಟೆಗೆ ಎನ್ನುವುದು. ಬೆಳಗ್ಗೆ ಏಳಕ್ಕೆ ಬೀಗರಿಗೆ ತಿಂಡಿ ಎಂದರೆ ಐದಕ್ಕೆ ಒಲೆ ಹೊತ್ತಬೇಕು. ಒಲೆ ಹೊತ್ತಬೇಕೆಂದರೆ ನಾಲ್ಕೂವರೆಗೆ ಸಾಮಾನು ಇಳಿದಿರಬೇಕು. ಪರದೆಯ ಮೂಲೆಯಲ್ಲಿ ‘4.10’ ಎಂದು ಬರೆದುಕೊಂಡು ಕೂತಿರುವ ಆ ಅಂಕಿ ನನ್ನ ಮಟ್ಟಿಗೆ ಇಡೀ ನಕ್ಷೆಗಿಂತ ದೊಡ್ಡದು. ಒಂದು ಎಚ್ಚರ ಮಾತ್ರ ಬೇಕು: ಅದರ ಲೆಕ್ಕ ಖಾಲಿ ಕಾರಿನದು. ಹಿಂದೆ ಬರುವ ಪಿಕಪ್‌ನಲ್ಲಿ ಹಾಲಿನ ಕ್ಯಾನ್, ಮೊಸರಿನ ಕ್ಯಾನ್ ಇರುವಾಗ ತಿರುವಿನಲ್ಲಿ ಆ ವೇಗದಲ್ಲಿ ಹೋದರೆ ಮಜ್ಜಿಗೆ ಹುಳಿಗೆ ಮೊಸರು ಉಳಿಯುವುದಿಲ್ಲ. ಗಂಟೆಗೆ ಕಾಲು ಗಂಟೆ ಸೇರಿಸಿಕೊಂಡರೆ ಸರಿಹೋಗುತ್ತದೆ.

ಎರಡನೆಯ ಉಪಯೋಗ ಮಂಜಿನಲ್ಲಿ. ಹುಲಿಕಲ್ ಘಾಟಿಯಲ್ಲಿ ಮಳೆಗಾಲದ ಮಂಜು ಕವಿದರೆ ಹೆಡ್‌ಲೈಟಿನ ಬೆಳಕು ಬಾನೆಟ್ಟಿನ ಮುಂದೆಯೇ ನಿಂತುಬಿಡುತ್ತದೆ. ಪಕ್ಕದ ಸೀಟಿನಲ್ಲಿ ಕೂತ ಅಕ್ಕನ ಮಗ ನಕ್ಷೆಯನ್ನು ದೊಡ್ಡದು ಮಾಡಿಕೊಂಡು “ಮಾವ, ಎಡಕ್ಕೆ ತಿರುವು, ಪೂರ್ತಿ ಮಡಚುತ್ತೆ, ಆಮೇಲೆ ನೆಟ್ಟಗೆ” ಎಂದು ಹೇಳುತ್ತಾ ಹೋಗುತ್ತಾನೆ. ಮುಂದಿನ ತಿರುವು ಎತ್ತ, ಎಷ್ಟು ಚೂಪು ಎಂಬುದು ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. ಎದುರಿನಿಂದ ಬರುವ ಲಾರಿಯನ್ನು ಪೆಟ್ಟಿಗೆ ತೋರಿಸುವುದಿಲ್ಲ, ಅದಕ್ಕೆ ಹಾರನ್ನೇ ಗತಿ. ಅಂದಹಾಗೆ, ಚಾಲಕ ಫೋನ್ ಮುಟ್ಟಿದರೆ ದಂಡ ಎಂಬ ಕಾನೂನಿದ್ದರೂ, ಗಮನ ಕೆಡದಂತೆ ದಾರಿ ನೋಡುವುದಕ್ಕಷ್ಟೇ ಬಳಸಬಹುದು ಎಂದು 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮದಲ್ಲೇ ಸೇರಿದೆ. ಹಾಗಿದ್ದೂ ನಾನು ಸ್ಟೀರಿಂಗ್ ಹಿಡಿದಾಗ ಅದನ್ನು ಮುಟ್ಟುವುದಿಲ್ಲ. ಮುಟ್ಟಲು ಹುಡುಗ ಇದ್ದಾನೆ.

‘ಘಾಟಿಯಲ್ಲಿ ನೆಟ್‌ವರ್ಕೇ ಇಲ್ಲ, ಜಿಪಿಎಸ್ ಹೇಗೆ ನಡೆಯುತ್ತೆ?’ ಎಂದು ಬಹಳ ಜನ ಕೇಳುತ್ತಾರೆ. ಇದೊಂದು ತಪ್ಪು ತಿಳಿವಳಿಕೆ. ಉಪಗ್ರಹಕ್ಕೂ ಮೊಬೈಲ್ ಟವರಿಗೂ ಸಂಬಂಧವಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ತಮ್ಮ ಪರಮಾಣು ಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತವೆ. ಪೆಟ್ಟಿಗೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಯಾವುದು ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ತಾನಿರುವ ಜಾಗ ಕಂಡುಹಿಡಿಯುತ್ತದೆ. ಅದಕ್ಕೆ ಸಿಮ್ ಬೇಡ, ಕರೆನ್ಸಿ ಬೇಡ. ನೆಟ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಿಕೊಳ್ಳಲು ಮತ್ತು ಟ್ರಾಫಿಕ್ ತಿಳಿಯಲು ಮಾತ್ರ. ಮನೆಯಲ್ಲಿ ವೈಫೈ ಇರುವಾಗಲೇ ಶಿವಮೊಗ್ಗ, ಉಡುಪಿ, ಉತ್ತರ ಕನ್ನಡದ ನಕ್ಷೆ ಇಳಿಸಿಟ್ಟುಕೊಂಡರೆ ಟವರ್ ಇಲ್ಲದ ಕಡೆಯೂ ಬಾಣ ಚಲಿಸುತ್ತಲೇ ಇರುತ್ತದೆ. ದಟ್ಟ ಕಾಡಿನಲ್ಲಿ, ಕಡಿದಾದ ಕಣಿವೆಯಲ್ಲಿ ಆಕಾಶ ಮುಚ್ಚಿಕೊಂಡಾಗ ಆಗೊಮ್ಮೆ ಈಗೊಮ್ಮೆ ಬಾಣ ರಸ್ತೆ ಬಿಟ್ಟು ಜಿಗಿಯುತ್ತದೆ, ಅಷ್ಟೇ. ನಮ್ಮ ಇಸ್ರೋದ ನಾವಿಕ್ ಕೂಡ ಇದೇ ರೀತಿಯದು. 2013ರ ಜುಲೈನಲ್ಲಿ ಮೊದಲ ಉಪಗ್ರಹ ಹಾರಿತು, ಹಾಸನದ ಕೇಂದ್ರದಿಂದ ಅವನ್ನು ನೋಡಿಕೊಳ್ಳುತ್ತಾರೆ. ಕೆಲವು ಉಪಗ್ರಹಗಳ ಗಡಿಯಾರ ಕೆಟ್ಟಿತೆಂದು ಓದಿ ಬೇಜಾರಾಗಿತ್ತು. 2023ರಲ್ಲಿ ನಮ್ಮಲ್ಲೇ ತಯಾರಾದ ಗಡಿಯಾರ ಇಟ್ಟು ಹೊಸದೊಂದನ್ನು ಹಾರಿಸಿದ್ದಾರೆ.

ನನ್ನ ಬಳಿ ಭಾವ ಬೆಂಗಳೂರಿನಿಂದ ಕೊಟ್ಟ ಹಳೆಯ ಪೆಟ್ಟಿಗೆಯೂ ಇದೆ, ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವಂಥದ್ದು. ಮೆಮೊರಿ ಕಾರ್ಡಿನಲ್ಲೇ ನಕ್ಷೆ. ಅದರಲ್ಲಿ ‘ಮಣ್ಣು ರಸ್ತೆ ಬೇಡ’ ಎನ್ನುವ ಆಯ್ಕೆ ಇತ್ತು. ಈಗ ಫೋನಿನಲ್ಲಿ ಟೋಲ್ ಬೇಡ, ಹೆದ್ದಾರಿ ಬೇಡ ಎನ್ನಬಹುದು, ಮಣ್ಣು ರಸ್ತೆ ಬೇಡ ಎನ್ನಲು ನನಗೆ ಜಾಗ ಸಿಕ್ಕಿಲ್ಲ. ನಾಲ್ಕು ನಿಮಿಷ ಉಳಿಯುತ್ತದೆಂದು ಯಾರದೋ ತೋಟದ ದಾರಿಗೆ ನುಗ್ಗಿಸುತ್ತದೆ. ಮುಂದೆ ದಣಪೆ (ದಾರಿಗೆ ಅಡ್ಡ ಹಾಕಿದ ಗಳುಗಳ ತಡೆ), ಹಿಂದೆ ಪಿಕಪ್, ಕೆಳಗೆ ಜೂನ್ ತಿಂಗಳ ಕೆಸರು. ಹೀಗಾಗಿ ಕೊನೆಯ ಎರಡು ಕಿಲೋಮೀಟರ್ ಇರುವಾಗ ಅದರ ಮಾತು ಕೇಳುವುದನ್ನು ನಿಲ್ಲಿಸಿ, ಬಿಂದು ಎತ್ತ ಇದೆ ಎಂದು ನೋಡಿಕೊಂಡು, ಡಾಂಬರು ಇರುವ ಕಡೆಯಿಂದ ಹೋಗುವುದು ನಮ್ಮ ಕ್ರಮ.

ಹೆಚ್ಚಿನವರು ಬಳಸದ ಇನ್ನೊಂದು ಸೌಲಭ್ಯ ಜಾಗ ಉಳಿಸಿಡುವುದು. ಒಮ್ಮೆ ಅಡುಗೆಗೆ ಹೋದ ಮನೆಯನ್ನು ನಾನು ಹೆಸರು ಕೊಟ್ಟು ಉಳಿಸುತ್ತೇನೆ, ಮನೆತನದ ಹೆಸರಲ್ಲಿ ಅಲ್ಲ, ನನ್ನ ಕೆಲಸದ ಹೆಸರಲ್ಲಿ. ‘ಏರು, ಪಿಕಪ್ ಹತ್ತಲ್ಲ’, ‘ಬಾವಿ ದೂರ, ಪೈಪ್ ತಗೊಂಡು ಹೋಗು’, ‘ಕೊಟ್ಟಿಗೆ ಹಿಂದೆ ತಿರುಗಿಸಲು ಜಾಗ’, ‘ಒಲೆಗೆ ಗಾಳಿ ಬಡಿಯುತ್ತೆ’. ಆ ಮನೆಯ ಮಗಳ ಮದುವೆಗೆ ಹೋದವನಿಗೆ ಕೆಲವು ವರ್ಷ ಬಿಟ್ಟು ಮೊಮ್ಮಗನ ನಾಮಕರಣಕ್ಕೆ ಕರೆ ಬಂದಾಗ ಇದೆಲ್ಲ ಪರದೆಯಲ್ಲೇ ಸಿಗುತ್ತದೆ. ಯಾವ ಡೈರಿಯಲ್ಲಿ ಬರೆದಿಟ್ಟಿದ್ದರೂ ಎಣ್ಣೆ ಜಿಡ್ಡಿಗೆ ಅಕ್ಷರ ಉಳಿಯುತ್ತಿರಲಿಲ್ಲ.

“ಭಟ್ರೇ, ಎಲ್ಲಿದೀರಿ?” ಎಂಬ ಫೋನೂ ಕಡಿಮೆಯಾಗಿದೆ. ಹೊರಡುವಾಗಲೇ ಲೈವ್ ಲೊಕೇಶನ್ ಕಳಿಸಿಬಿಟ್ಟರೆ ಯಜಮಾನರು ಮನೆಯಲ್ಲೇ ಕೂತು ನಮ್ಮ ಗಾಡಿ ತೆವಳುವುದನ್ನು ನೋಡುತ್ತಿರುತ್ತಾರೆ. ಬಡಿಸುವ ಹುಡುಗರು ಸೊರಬ ಕಡೆಯಿಂದ ಬೇರೆ ಗಾಡಿಯಲ್ಲಿ ಬರುವಾಗ ನನಗೂ ಹಾಗೇ ನಿಶ್ಚಿಂತೆ. ಒಂದೇ ಕಿರಿಕಿರಿ ಎಂದರೆ ಚಹಾಕ್ಕೆ ನಿಲ್ಲಿಸಿದ್ದೂ ಅವರಿಗೆ ತಿಳಿಯುತ್ತದೆ.

ಈಗ ಇದರ ಕುರುಡು. ಪೆಟ್ಟಿಗೆಗೆ ಗೊತ್ತಿರುವುದು ಅದಕ್ಕೆ ಯಾರಾದರೂ ಹೇಳಿದ್ದು ಮಾತ್ರ. ತುಮರಿ ಕಡೆಯ ಉದಾಹರಣೆ ನೋಡಿ. ಲಿಂಗನಮಕ್ಕಿ ಹಿನ್ನೀರು ತುಂಬಿದ ಅರವತ್ತರ ದಶಕದಿಂದ ಆ ಭಾಗದವರು ಸಾಗರಕ್ಕೆ ಬರಲು ಲಾಂಚ್ ಕಾಯುತ್ತಿದ್ದರು. ನಕ್ಷೆ ಲಾಂಚನ್ನೂ ರಸ್ತೆಯ ಹಾಗೇ ಲೆಕ್ಕ ಹಾಕುತ್ತಿತ್ತು. ಹೊಳೆಬಾಗಿಲಿನಲ್ಲಿ ಸಿಗಂದೂರಿನ ಭಕ್ತರ ಕಾರುಗಳ ಸಾಲು ಎಷ್ಟಿದೆ, ಸಂಜೆಯ ಕೊನೆಯ ಲಾಂಚ್ ಹೋಯಿತೇ, ನೀರು ಇಳಿದು ವಾಹನ ಹತ್ತಿಸುವುದು ನಿಂತಿದೆಯೇ ಎನ್ನುವುದು ಅದಕ್ಕೆ ತಿಳಿಯುತ್ತಿರಲಿಲ್ಲ. ತಿಳಿದವರು ನಿಟ್ಟೂರಿನ ಮೇಲೆ ಸುತ್ತಿ ಹೋಗುತ್ತಿದ್ದರು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ನನ್ನ ಹಳೆಯ ಪೆಟ್ಟಿಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸೇತುವೆಯ ಮೇಲೆ ಹೋಗುವಾಗ ಅದರ ಪರದೆಯಲ್ಲಿ ನಾವು ನೀರಿನ ನಡುವೆ ಇರುತ್ತೇವೆ. ಬೆಂಗಳೂರಿಗೆ ಹೋದಾಗ ಪೀಣ್ಯದ ಮೇಲ್ಸೇತುವೆಯಲ್ಲೂ ಗೊಂದಲ. ಮೇಲಿನ ರಸ್ತೆಯೂ ಕೆಳಗಿನ ರಸ್ತೆಯೂ ಒಂದೇ ಗೆರೆಯಲ್ಲಿರುವುದರಿಂದ ನಾವು ಯಾವುದರಲ್ಲಿದ್ದೇವೆಂದು ಅದಕ್ಕೆ ಸುಲಭಕ್ಕೆ ತಿಳಿಯುವುದಿಲ್ಲ. ಇವೆಲ್ಲ ನಕ್ಕು ಮರೆಯುವಂಥವು.

ನಗುವಂಥದ್ದಲ್ಲದ್ದು ಘಾಟಿ ಬಂದ್ ಆಗುವ ವಿಷಯ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸುತ್ತಾರೆ. ಆಗುಂಬೆಯಲ್ಲಿ ಭಾರಿ ವಾಹನಕ್ಕೆ ನಿಷೇಧ, ಶಿರಾಡಿಯಲ್ಲಿ ಸಂಚಾರ ಸ್ಥಗಿತ, ಚಾರ್ಮಾಡಿಯಲ್ಲಿ ಬದಲಿ ವ್ಯವಸ್ಥೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಯಾವ ಸ್ಥಿತಿಗೆ ಬಂದಿತ್ತೆಂದು ನೆನಪಿರುವವರಿಗೆ ಈ ಆದೇಶಗಳ ಅಗತ್ಯವನ್ನು ವಿವರಿಸಬೇಕಿಲ್ಲ. ಆದೇಶ ಸಂಜೆ ಸಹಿಯಾಗುತ್ತದೆ, ಪತ್ರಿಕಾ ಪ್ರಕಟಣೆಯಾಗುತ್ತದೆ, ನಿಮ್ಮ ಪತ್ರಿಕೆಯಲ್ಲಿ ಮರುದಿನ ಬೆಳಗ್ಗೆ ಬರುತ್ತದೆ. ನಾವು ಹೊರಟಿರುವುದು ರಾತ್ರಿ ಎರಡಕ್ಕೆ. ಪೆಟ್ಟಿಗೆ ಎಂದಿನಂತೆ ಅದೇ ದಾರಿ ತೋರಿಸುತ್ತಿರುತ್ತದೆ. ಬುಡದ ಚೆಕ್‌ಪೋಸ್ಟಿಗೆ ಹೋದಮೇಲೆ “ಗಾಡಿ ತಿರುಗಿಸಿ” ಎನ್ನುತ್ತಾರೆ. ಪ್ರವಾಸಿಗರಾದರೆ ತಿರುಗಿಸಬಹುದು. ಕುಂದಾಪುರದ ಛತ್ರದಲ್ಲಿ ಮುನ್ನೂರು ಜನಕ್ಕೆ ತಿಂಡಿ ಆಗಬೇಕಾದವನು ಏನು ಮಾಡಬೇಕು?

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ನಕ್ಷೆ ನಂಬಿ ಹೋದ ಕಾರು ಮುರಿದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತದ್ದು ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಎಲ್ಲರೂ ಯಂತ್ರವನ್ನೇ ಬೈದರು. ಸೇತುವೆ ಮುರಿದಿದೆ ಎಂದು ನಕ್ಷೆಗೆ ತಿಳಿಸಬೇಕಾದವರು, ರಸ್ತೆಗೆ ಅಡ್ಡಗಟ್ಟಬೇಕಾದವರು ಯಾರು ಎಂದು ಕೇಳಿದವರು ಕಡಿಮೆ. 2022ರಲ್ಲಿ ಗೂಗಲ್ ಸಂಸ್ಥೆ ಬೆಂಗಳೂರು ಸೇರಿದಂತೆ ಎಂಟು ನಗರಗಳ ಸಂಚಾರ ಅಧಿಕಾರಿಗಳ ಜೊತೆ ಸೇರಿ ಬಂದ್ ಆದ ರಸ್ತೆಗಳ ಮಾಹಿತಿಯನ್ನು ನಕ್ಷೆಯಲ್ಲಿ ತೋರಿಸುವುದಾಗಿ ಪ್ರಕಟಿಸಿತ್ತು. ಬೆಂಗಳೂರಿನಲ್ಲಿ ಒಂದು ರಸ್ತೆ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಘಟ್ಟದಲ್ಲಿ ಇನ್ನೊಂದು ಎಂದರೆ ಐವತ್ತು ಅರವತ್ತು ಕಿಲೋಮೀಟರ್ ಸುತ್ತು. ಈ ವ್ಯವಸ್ಥೆ ಮೊದಲು ಬೇಕಿದ್ದದ್ದು ಎಲ್ಲಿಗೆ?

ಆದ್ದರಿಂದ ಶಿವಮೊಗ್ಗ, ಉಡುಪಿ, ಚಿಕ್ಕಮಗಳೂರು, ಹಾಸನ, ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲಾಡಳಿತಗಳಲ್ಲಿ ನನ್ನ ವಿನಂತಿ: ಘಾಟಿ ಬಂದ್ ಆದೇಶಕ್ಕೆ ಸಹಿ ಬಿದ್ದ ಗಂಟೆಯೊಳಗೆ ಅದು ಎಲ್ಲ ನಕ್ಷೆ ಕಂಪನಿಗಳಿಗೂ ಮುಟ್ಟುವ ಹಾಗೆ ಒಬ್ಬ ಸಿಬ್ಬಂದಿಗೆ ಕೆಲಸ ವಹಿಸಿ. ರಸ್ತೆ ತೆರೆದಾಗಲೂ ಹಾಗೇ ಮಾಡಿ, ಇಲ್ಲದಿದ್ದರೆ ತೆರೆದ ರಸ್ತೆಯನ್ನು ಬಿಟ್ಟು ವಾರಗಟ್ಟಲೆ ಸುತ್ತುವುದಾಗುತ್ತದೆ. ಜೊತೆಗೆ ಘಾಟಿ ಹತ್ತುವ ಮೂವತ್ತು ಕಿಲೋಮೀಟರ್ ಮೊದಲೇ, ತಿರುಗಿ ಹೋಗಲು ಅವಕಾಶ ಇರುವ ವೃತ್ತದಲ್ಲಿ, ಕನ್ನಡದಲ್ಲಿ ಒಂದು ಬೋರ್ಡು ಇಡಿ. ಪೆಟ್ಟಿಗೆ ಇಲ್ಲದವರೂ ಓಡಾಡುತ್ತಾರೆ.

ಇನ್ನೊಂದು ಮಾತು ಮದುವೆ ಮಾಡುವವರಿಗೆ. ಈಗ ಕರೆಯೋಲೆಯಲ್ಲೇ ಕ್ಯೂಆರ್ ಕೋಡ್ ಅಚ್ಚಾಗುತ್ತದೆ, ಒಳ್ಳೆಯದು. ಆದರೆ ಪ್ರಿಂಟಿಂಗ್ ಪ್ರೆಸ್ಸಿನವರು ಊರಿನ ಹೆಸರು ಹುಡುಕಿ ಸಿಕ್ಕ ಬಿಂದು ಹಾಕಿಬಿಡುತ್ತಾರೆ. ಅದು ಹೋಗಿ ನಿಲ್ಲುವುದು ಪಂಚಾಯಿತಿ ಕಟ್ಟೆಯ ಮುಂದೆ. ಕೊಪ್ಪ ಎಂದು ಹುಡುಕಿದರೆ ಚಿಕ್ಕಮಗಳೂರು ಜಿಲ್ಲೆಯದೂ ಬರುತ್ತದೆ, ಮದ್ದೂರಿನ ಹತ್ತಿರದ್ದೂ ಬರುತ್ತದೆ, ಬೈಲಕುಪ್ಪೆ ಬದಿಯದೂ ಬರುತ್ತದೆ. ಬಿಂದು ನೀವೇ ಕಳಿಸಿ. ಕಳಿಸುವಾಗ ಹಂಚಿನ ಮಾಡಿನ ಕೆಳಗೆ, ನಡುಮನೆಯಲ್ಲಿ ಕೂತು ಕಳಿಸಬೇಡಿ, ಒಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ಬಿಂದು ಅಕ್ಕಪಕ್ಕ ಸರಿಯುತ್ತದೆ. ಅಂಗಳಕ್ಕೆ ಬನ್ನಿ, ಸಾಧ್ಯವಾದರೆ ಪಿಕಪ್ ನಿಲ್ಲುವ ಜಾಗಕ್ಕೇ ಹೋಗಿ, ಒಂದೆರಡು ನಿಮಿಷ ನಿಂತು, ಆಮೇಲೆ ಲೊಕೇಶನ್ ಒತ್ತಿ. ದಾರಿಯಲ್ಲಿ ದಣಪೆ ಇದ್ದರೆ ಹಿಂದಿನ ರಾತ್ರಿಯೇ ತೆಗೆದಿಡಿ, ನಾಯಿ ಇದ್ದರೆ ಕಟ್ಟಿಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡುಗೆ ಕಂಟ್ರಾಕ್ಟರ್,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ