917 ಮಾದರಿಗಳ ಬೆಲೆ ಹಾಗೂ ಮುಂಗಡ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಪೋರ್ಷೆ 917 ರೇಸ್ ಕಾರಿನ 1:43 ಮತ್ತು 1:18 ಅಳತೆಯ (ನಿಜವಾದ ಕಾರಿನ 43ನೇ ಹಾಗೂ 18ನೇ ಒಂದು ಪಾಲಿನಷ್ಟು ಉದ್ದದ) ಪುಟ್ಟ ಮಾದರಿಗಳನ್ನು ಅರ್ಧ ಹಣ ಮುಂಗಡ ಕೊಟ್ಟವರಿಗೆ ಮಾತ್ರ ತರಿಸಿಕೊಡಲಿದ್ದೇವೆ, ಬೆಲೆಯೂ ಶೇ. 15ರಷ್ಟು ಏರಲಿದೆ. ಇದರಿಂದ ನಿಮಗಾಗುವ ತೊಂದರೆಗೆ ಕ್ಷಮೆ ಕೋರುತ್ತೇವೆ.

ಬೆಲೆ ಏರಿದಾಗಲೆಲ್ಲ ಅಂಗಡಿಯವರ ದುರಾಸೆ ಎಂಬ ಮಾತು ಕೇಳಿಬರುವುದು ನಮಗೆ ನೋವು ತಂದಿದೆ. ಸುಂಕದ ಪಟ್ಟಿಯಲ್ಲಿ ಈ ಮಾದರಿಗಳು ಆಟಿಕೆಗಳ ಸಾಲಿನಲ್ಲೇ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅದರ ಮೇಲೆ ಜಿಎಸ್‌ಟಿ, ಸಾಗಣೆ, ವಿಮೆ ಎಲ್ಲವನ್ನೂ ಕಟ್ಟಿದ ಬಳಿಕವೇ ಪೆಟ್ಟಿಗೆ ನಮ್ಮ ಕೈಸೇರುತ್ತದೆ. ಈ ಹೊರೆಯ ಒಂದು ಪಾಲನ್ನು ಇದುವರೆಗೆ ನಮ್ಮ ಲಾಭದಲ್ಲೇ ಮುರಿದುಕೊಂಡು ಬಂದೆವು. ಇನ್ನು ನಮ್ಮಿಂದ ಆಗದು.

"ಇರುವುದು ಒಂದೇ ಕಾರು, ಬಣ್ಣ ಬದಲಿಸಿ ನಾಲ್ಕು ಬೆಲೆ ಹೇಳುತ್ತೀರಿ" ಎಂಬ ಆಕ್ಷೇಪವನ್ನು ಎಷ್ಟೋ ಮಂದಿಯಿಂದ ಕೇಳಿದ್ದೇವೆ. ಅದು ಒಂದೇ ಕಾರಲ್ಲ. ರೇಸಿನ ನಿಯಮ ಕೇಳಿದ 25 ಕಾರುಗಳನ್ನು 1969ರ ಏಪ್ರಿಲ್‌ನಲ್ಲಿ ಪೋರ್ಷೆ ತನ್ನ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಪಾಸಣೆಗೆ ಒಪ್ಪಿಸಿದಾಗ ಅದರ ಬಾಲ ಉದ್ದವಿತ್ತು, ವೇಗ ಹೆಚ್ಚಿದಂತೆ ಕಾರು ಚಾಲಕನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅದೇ ವರ್ಷ ಆಸ್ಟ್ರಿಯಾದ ಜೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆಸುತ್ತಿದ್ದ ಎಂಜಿನಿಯರುಗಳು, ಕಾರಿನ ಮೈಮೇಲೆಲ್ಲ ಹುಳುಗಳು ಬಡಿದು ಸತ್ತಿದ್ದರೂ ಹಿಂದಿನ ಸ್ಪಾಯ್ಲರ್ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಪಟ್ಟಿ) ಮಾತ್ರ ಶುಭ್ರವಾಗಿರುವುದನ್ನು ಕಂಡು, ಅಲ್ಲಿಗೆ ಗಾಳಿಯೇ ತಾಗುತ್ತಿಲ್ಲವೆಂದು ತಿಳಿದು, ಅಲ್ಯೂಮಿನಿಯಂ ತಗಡು ಕೂರಿಸಿ ಬಾಲವನ್ನು ಗಿಡ್ಡ ಮಾಡಿ ಎತ್ತರಿಸಿದರು. 1970ರಲ್ಲಿ ಹಾನ್ಸ್ ಹರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಪೋರ್ಷೆಗೆ ಫ್ರಾನ್ಸಿನ 24 ಗಂಟೆಗಳ ಓಟವಾದ ಲೆ ಮಾನ್‌ನ ಮೊದಲ ಒಟ್ಟಾರೆ ಗೆಲುವು ತಂದದ್ದು ಈ ಗಿಡ್ಡ ಬಾಲದ, ಕೆಂಪು-ಬಿಳಿ ಬಣ್ಣದ, 23ನೇ ಸಂಖ್ಯೆಯ ಕಾರಿನಲ್ಲಿ. ಮರುವರ್ಷ ಗೆದ್ದ 22ನೇ ಸಂಖ್ಯೆಯ ಬಿಳಿ ಕಾರಿನ ಹಿಂಬದಿಯಲ್ಲಿ ಎರಡು ನೆಟ್ಟನೆಯ ರೆಕ್ಕೆಗಳಿವೆ. ಅದು 24 ಗಂಟೆಗಳಲ್ಲಿ ಕ್ರಮಿಸಿದ 5,335 ಕಿ.ಮೀ. ದೂರದ ದಾಖಲೆ 2010ರವರೆಗೆ ಅಳಿಯಲಿಲ್ಲ. ಅದೇ ಓಟದಲ್ಲಿದ್ದ 917/20 ಎಂಬ ಗುಲಾಬಿ ಬಣ್ಣದ ಕಾರಿನ ಮೈ ಬೇರೆಯೇ, ಅಗಲವಾದದ್ದು. ಹಂದಿಮಾಂಸ ಕತ್ತರಿಸುವ ಗೆರೆಗಳನ್ನು ಅದರ ಮೇಲೆಳೆದು ಪ್ರತಿ ತುಂಡಿನ ಹೆಸರನ್ನು ಜರ್ಮನ್ ಭಾಷೆಯಲ್ಲಿ ಬರೆದಿದ್ದಾರೆ. ಅಂಥ ಅಕ್ಷರಗಳನ್ನು ಅಂಗೈಯಗಲದ ಕಾರಿನ ಮೇಲೆ ಓದುವಷ್ಟು ಸ್ಪಷ್ಟವಾಗಿ ಮೂಡಿಸಬೇಕು. ಹೀಗೆ ನಾಲ್ಕಕ್ಕೂ ಅಚ್ಚೇ ಬೇರೆ, ಆದ್ದರಿಂದಲೇ ಬೆಲೆ ಬೇರೆ. ಒಂದೇ ಅಚ್ಚಿಗೆ ಬಣ್ಣ ಮಾತ್ರ ಬದಲಿಸಿದ ಅಗ್ಗದ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ನಾವು ತರಿಸಿಲ್ಲ, ತರಿಸುವುದೂ ಇಲ್ಲ.

ಈಗಾಗಲೇ ಹೆಸರು ಬರೆಸಿದವರಿಗೆ ಹಳೆಯ ಬೆಲೆಯೇ ಅನ್ವಯಿಸುತ್ತದೆ. ಕಳಚಿಕೊಂಡ ಕನ್ನಡಿ, ವೈಪರ್‌ಗಳನ್ನು ಎಂದಿನಂತೆ ಹಣ ಪಡೆಯದೆ ಕೂರಿಸಿಕೊಡುತ್ತೇವೆ. ಬೆಲೆಯ ಬಗ್ಗೆ ಇನ್ನೂ ಅನುಮಾನವಿರುವವರು ದಯವಿಟ್ಟು ಅಂಗಡಿಗೆ ಬನ್ನಿ, ನಾಲ್ಕೂ ಕಾರುಗಳನ್ನು ಪಕ್ಕಪಕ್ಕ ಇಟ್ಟು ನಾವೇ ತೋರಿಸುತ್ತೇವೆ. ಕೊಳ್ಳಲೇಬೇಕೆಂದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪಾಲುದಾರರ ಪರವಾಗಿ